ಮದ್ದು ತೂಗುವವರ ತಕ್ಕಡಿ

ದುಬೈಯಲ್ಲಿದ್ದ ವರ್ಷಗಳಲ್ಲಿ ನನ್ನ ಕೆಲಸ ತಕ್ಕಡಿ ಸರಿಮಾಡುವುದು. ಕಂಪೆನಿಯ ಕಾರ್ಡಿನಲ್ಲಿ ‘ಕ್ಯಾಲಿಬ್ರೇಶನ್ ಇಂಜಿನಿಯರ್’ ಎಂದಿತ್ತು. ಉಡುಪಿಯಲ್ಲಿದ್ದ ಅತ್ತೆ ಅದನ್ನು ‘ನಮ್ಮ ಸೊಸೆಗೆ ಚಿನ್ನದ ಅಂಗಡಿಯಲ್ಲಿ ಕೆಲಸ’ ಎಂದು ಸರಳ ಮಾಡಿಕೊಂಡಿದ್ದರು. ಅದೂ ಪೂರ್ತಿ ಸುಳ್ಳಲ್ಲ. ಪರೀಕ್ಷೆಗೆ ಬೇಕಾದ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ವಾರದ ಹೆಚ್ಚಿನ ದಿನ ನಾನು ದೇರಾದ ಚಿನ್ನದ ಅಂಗಡಿಗಳನ್ನೇ ಸುತ್ತುತ್ತಿದ್ದೆ. ಅಲ್ಲಿ ತಕ್ಕಡಿ ಕೂದಲೆಳೆಯಷ್ಟು ಹೆಚ್ಚು ತೋರಿಸಿದರೆ ಕೊಳ್ಳುವವನಿಗೆ ಸಂಕಟ, ಕಡಿಮೆ ತೋರಿಸಿದರೆ ಮಾರುವವನಿಗೆ. ಸರಿಯಾಗಿ ತೋರಿಸಿದರೆ ಇಬ್ಬರಿಗೂ ಅನುಮಾನ.

ಒಂದು ಬೆಳಿಗ್ಗೆ ಮ್ಯಾನೇಜರ್ ಕರೆದರು. ಅವರು ಮಂಗಳೂರಿನ ಕೊಂಕಣಿಯವರು, ನನ್ನ ಹತ್ತಿರ ಕನ್ನಡದಲ್ಲೇ ಮಾತು.

“ಅಬುಧಾಬಿಗೆ ಹೋಗ್ಲಿಕ್ಕುಂಟು ನೀವು. ಖಲೀಫಾ ಸಿಟಿ ದಾಟಿ ಒಂದು ಕ್ಲಬ್. ಪೌಡರ್ ತೂಕ ಮಾಡುವ ಬ್ಯಾಲೆನ್ಸ್ ಅಂತೆ, ರೀಡಿಂಗ್ ನಿಲ್ಲುದೇ ಇಲ್ಲ ಅಂತೆ.”

“ಎಂತ ಪೌಡರ್ ಸರ್?”

“ಮದ್ದೇ ಇರ್ಬೇಕು. ಅಷ್ಟು ಸೂಕ್ಷ್ಮ ಮತ್ತೆಂತ ತೂಕ ಮಾಡ್ತಾರೆ?”

ಅವರು ಹೇಳಿದ್ದು ಔಷಧಿ, ನಾನು ತಿಳಿದದ್ದೂ ಔಷಧಿಯೇ. ಅಲ್ ಕುಸೈಸಿನ ಫ್ಲ್ಯಾಟಿನಿಂದ ಹೊರಡುವಾಗ ಗಂಡ, “ನನ್ನ ಮಂಡಿನೋವಿಗೆ ಎಂತಾದ್ರು ಉಂಟಾ ಕೇಳು ಮಾರಾಯ್ತಿ” ಎಂದೂ ಹೇಳಿಯಾಗಿತ್ತು.

ಕಂಪೆನಿಯ ವ್ಯಾನ್ ನನ್ನನ್ನು ಇಳಿಸಿದ್ದು ಮರಳಿನ ಅಂಚಿನಲ್ಲಿದ್ದ ಒಂದು ಶೂಟಿಂಗ್ ಕ್ಲಬ್ಬಿನ ಮುಂದೆ. ಹಿಂಭಾಗದಲ್ಲಿ ತೋಟಾ ತುಂಬಿಸಲು ಪರವಾನಗಿ ಇದ್ದ ಕೋಣೆಯಲ್ಲಿ, ಮೇಜಿನ ಮೇಲೆ ಹಿತ್ತಾಳೆಯ ಖಾಲಿ ತೋಟಾಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಬೂದುಬಣ್ಣದ ಕಾಳುಪುಡಿ ತುಂಬಿದ ಡಬ್ಬಿ. ಮ್ಯಾನೇಜರ್ ಹೇಳಿದ್ದು ತಪ್ಪಾಗಿರಲಿಲ್ಲ. ಮದ್ದೇ ಅದು, ಕೋವಿಯ ಮದ್ದು. ನಾನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತೆ.

“ಹೆದರಬೇಡ, ಒಳಗೆ ಬಾ. ಅದು ಪುಡಿ, ಹಾವಲ್ಲ” ಎಂದರು ಕೋಣೆಯ ಯಜಮಾನರು.

ಸೇನೆಯಿಂದ ನಿವೃತ್ತರಾದ ಎಮಿರಾತಿ ಮುದುಕರು. ಕಾಲಿನವರೆಗಿನ ಬಿಳಿ ನಿಲುವಂಗಿ ಕಂದೂರಾ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಇಲ್ಲಿಯವರು ನಮ್ಮವರೊಡನೆ ಆಡುವ ಹಿಂದಿಯಲ್ಲಿ ಅವರ ಮಾತು. ಸದಸ್ಯರ ರೈಫಲ್ಲುಗಳಿಗೆ ತೋಟಾ ತುಂಬಿಸುವುದು ಅವರ ಜವಾಬ್ದಾರಿಯಾಗಿತ್ತು.

ತಕ್ಕಡಿಯ ರೋಗ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನೇರ ಮೇಲೆ ಏಸಿಯ ಬಾಯಿ. ಗಾಳಿ ತಟ್ಟೆಯ ಮೇಲೆ ಬೀಸಿದಾಗಲೆಲ್ಲ ಅಂಕಿ ಮೇಲೆ ಕೆಳಗೆ ಓಡುತ್ತಿತ್ತು. “ತೂಗುವಾಗ ಏಸಿ ಬಂದ್ ಮಾಡಬೇಕು” ಎಂದೆ.

“ಈ ಸೆಕೆಯಲ್ಲಿ?”

“ಇಲ್ಲದಿದ್ದರೆ ಮೇಜನ್ನು ಆ ಮೂಲೆಗೆ ಹಾಕಬೇಕು.”

ಮುದುಕರು ಏಸಿಯನ್ನೂ ಆರಿಸಿದರು, ಮೇಜನ್ನೂ ಸರಿಸಿದರು. ಮೇಜಿನ ಒಂದು ತುದಿ ಹಿಡಿದವಳು ನಾನೇ. ಆಮೇಲೆ ಬೆವರಿಳಿಸುತ್ತ ಕೂತು ಬಟ್ಟು ಇಟ್ಟೆವು. ಅಂಕಿ ಬಂದು ನಿಂತಿತು, ಅಲುಗಲಿಲ್ಲ. ಅಲ್ಲಿಯವರೆಗೆ ತುಂಬಿಸಿಟ್ಟಿದ್ದ ತೋಟಾಗಳ ಡಬ್ಬಿಯನ್ನು ಅವರು ತಮ್ಮ ಕಡೆ ಎಳೆದುಕೊಂಡು ಒಂದೊಂದೇ ತೋಟಾ ಬಿಚ್ಚತೊಡಗಿದರು.

“ಇಷ್ಟೂ ಹಾಳಾ?” ಕೇಳಿದೆ.

“ಹಾಳೋ ಅಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಮುಖದ ಪಕ್ಕ ಇಟ್ಟು ಹೊಡೆಯುವುದಿಲ್ಲ.”

ಬಿಚ್ಚುತ್ತಲೇ ಅವರು ತಮ್ಮ ಕೆಲಸದ ರೀತಿ ವಿವರಿಸಿದರು. ಮದ್ದು ತಯಾರಿಸಿದವರ ಪುಸ್ತಕದಲ್ಲಿ ಅತಿ ಕಡಿಮೆ ಅಳತೆಯೂ ಇರುತ್ತದೆ, ಅತಿ ಹೆಚ್ಚಿನದೂ ಇರುತ್ತದೆ. ಶುರುಮಾಡುವುದು ಕಡಿಮೆಯಿಂದ. ಕೆಲವು ತೋಟಾ ಹೊಡೆದು, ಖಾಲಿ ಚಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಒಂದು ಚಿಟಿಕೆ ಏರಿಸುವುದು. ಚಿಪ್ಪಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾದರೆ, ಹಿತ್ತಾಳೆಯ ಮೇಲೆ ಹೊಳೆಯುವ ಗುರುತು ಬಿದ್ದರೆ, ಚಿಪ್ಪು ಹೊರತೆಗೆಯಲು ರೈಫಲ್ಲಿನ ಬೋಲ್ಟ್ ಎತ್ತುವಾಗ ಬಿಗಿಯಾದರೆ, ಒಳಗಿನ ಒತ್ತಡ ಮೀರಿತೆಂದು ತಿಳಿದು ಅಲ್ಲಿಗೆ ನಿಲ್ಲಿಸಿ ಹಿಂದೆ ಬರಬೇಕು, ಪುಸ್ತಕ ಇನ್ನೂ ಮುಂದೆ ಹೋಗು ಎಂದರೂ.

“ಪುಸ್ತಕದವರು ಅವರ ರೈಫಲ್ಲಿನಲ್ಲಿ ಹೊಡೆದು ನೋಡಿದ್ದು, ನನ್ನದರಲ್ಲಿ ಅಲ್ಲ. ಶ್ವಯ್ಯ ಶ್ವಯ್ಯ” ಎಂದರು. ನಿಧಾನ, ನಿಧಾನ. ಇಷ್ಟೆಲ್ಲ ಹೇಳಿದ ಮನುಷ್ಯ ಸಂಜೆ ತಮ್ಮ ಲ್ಯಾಂಡ್ ಕ್ರೂಸರಿನಲ್ಲಿ ನಮ್ಮ ವ್ಯಾನನ್ನು ಎಂಥ ವೇಗದಲ್ಲಿ ದಾಟಿ ಹೋದರೆಂದರೆ, ನಮ್ಮ ಡ್ರೈವರ್ ದೇವರ ಹೆಸರು ಹೇಳಿದ.

ಮನೆಯಲ್ಲಿ ನಿಜ ಹೇಳಿದೆ. ಗಂಡನಿಗೆ ಮಂಡಿನೋವೇ ಮರೆತುಹೋಯಿತು. “ನೀನು ಬಾಂಬ್ ಮಾಡುವವರ ಹತ್ರ ಹೋಗಿ ಬಂದದ್ದಾ?” ಎಂದರು. ಆಗ ಒಲೆಯ ಮೇಲೆ ಕುಕ್ಕರ್ ಇತ್ತು. ಅದರ ಸೇಫ್ಟಿ ವಾಲ್ವ್ ಹೋಗಿ ತಿಂಗಳುಗಳಾಗಿದ್ದವು. ಆ ಬಗ್ಗೆ ಯಾರಿಗೂ ಭಯವಿರಲಿಲ್ಲ.

ಮುಂದಿನ ವರ್ಷ ಆಗಸ್ಟಿನಲ್ಲಿ ಮ್ಯಾನೇಜರ್ ಮತ್ತೆ ಕರೆದರು. ಮುಖ ಬಿಳಿಚಿತ್ತು.

“ನಮ್ಮ ಬ್ಯಾಲೆನ್ಸಿನಿಂದ ಒಬ್ರು ಸಾಯ್ಲಿಕ್ಕಿದ್ರಂತೆ. ಆ ಮುದುಕರ ಅಳಿಯ ಫೋನ್ ಮಾಡಿ ಬೊಬ್ಬೆ ಹಾಕ್ತಾರೆ. ನೀವು ಹೋಗಿ ಒಮ್ಮೆ ಸಾರಿ ಹೇಳಿ ಬನ್ನಿ.”

“ತಕ್ಕಡಿ ಸರಿ ಇದ್ರೆ?”

“ಸರಿ ಇದ್ರೂ ಹೇಳಿ. ಎಂತ ಹೋಗ್ತದೆ ನಿಮ್ಗೆ?”

ನಾನು ಹೋಗುವಷ್ಟರಲ್ಲಿ ಎಲ್ಲರೂ ಸೇರಿದ್ದರು. ಎಲ್ಲರೂ ಎಂದರೆ ಮುದುಕರು ಮತ್ತು ಅವರ ಅಳಿಯ. ಅಳಿಯನಿಗೆ ಕಟ್ಟಡ ಸಾಮಗ್ರಿಯ ವ್ಯಾಪಾರ. ಹೊಸ ರೈಫಲ್, ಹೊಸ ಉತ್ಸಾಹ. ಹಿಂದಿನ ದಿನ ಅವನು ಒಂದು ತೋಟಾ ಹೊಡೆದಾಗ ಶಬ್ದವೇ ಬೇರೆ ರೀತಿ ಬಂದಿತ್ತು. ಬೋಲ್ಟ್ ಎತ್ತಲು ನೋಡಿದರೆ ಅಲುಗಲಿಲ್ಲ. ಕೊನೆಗೆ ಕ್ಲಬ್ಬಿನ ಮೆಕ್ಯಾನಿಕ್ ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕಾಯಿತು. ಯಾರಿಗೂ ಏನೂ ಆಗಿರಲಿಲ್ಲ.

“ಇವಳ ತಕ್ಕಡಿ ತಪ್ಪು” ಎಂದ ಅವನು.

ಬಟ್ಟು ಇಟ್ಟು ತೋರಿಸಿದೆ. ಅಂಕಿ ಸರಿಯಾಗಿತ್ತು.

“ಹಾಗಾದರೆ ಇವಳ ಬಟ್ಟು ತಪ್ಪು.”

ಬಟ್ಟನ್ನು ತೂಗುವ ಬಟ್ಟು ನನ್ನ ಪೆಟ್ಟಿಗೆಯಲ್ಲಿರಲಿಲ್ಲ. ಮ್ಯಾನೇಜರ್ ಹೇಳಿಕೊಟ್ಟ ‘ಸಾರಿ’ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮುದುಕರು ಕೈ ಎತ್ತಿದರು. “ಸಬರ್.” ತಾಳು.

ಅಳಿಯನ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ಮದ್ದನ್ನು ತಟ್ಟೆಗೆ ಸುರಿದು ತೂಗಿದರು. ಎಲ್ಲದರದ್ದೂ ಒಂದೇ ತೂಕ. ಅಳಿಯ ಕಣ್ಣು ಕಿರಿದುಮಾಡಿ ಪ್ರತಿಯೊಂದು ಅಂಕಿಯನ್ನೂ ಓದಿದ. ಅವನಿಗೆ ಸಿಟ್ಟು ಏರುತ್ತಿತ್ತು, ತಕ್ಕಡಿ ಏರುತ್ತಿರಲಿಲ್ಲ.

“ಈ ಡಬ್ಬಿ ಇಷ್ಟು ದಿನ ಎಲ್ಲಿತ್ತು?” ಮುದುಕರು ಕೇಳಿದರು.

“ಗಾಡಿಯಲ್ಲಿ.”

“ಗಾಡಿಯಲ್ಲಿ ಎಲ್ಲಿ?”

“ಮುಂದೆ. ಗಾಜಿನ ಹತ್ತಿರ.”

“ನಿನ್ನೆ ಮಧ್ಯಾಹ್ನವೂ?”

ಮುದುಕರು ಡಬ್ಬಿಯ ಮುಚ್ಚಳವನ್ನು ಅವನ ಕಡೆ ತಿರುಗಿಸಿದರು. ಅವರದೇ ಅಕ್ಷರದಲ್ಲಿ ‘ಚಳಿಗಾಲಕ್ಕೆ ಮಾತ್ರ’ ಎಂದು ಅರಬ್ಬಿಯಲ್ಲಿ ಬರೆದಿತ್ತು. ಫೆಬ್ರವರಿಯ ತಂಪಿನಲ್ಲಿ, ಇನ್ನೂ ಸ್ವಲ್ಪ ಜೋರಿರಲಿ ಎಂದು ಅಳಿಯ ಗೋಗರೆದಾಗ, ಅವನ ರೈಫಲ್ ತಾಳುವ ಮೇಲಿನ ಮಿತಿಯ ಹತ್ತಿರಕ್ಕೆ ಏರಿಸಿ ಕೊಟ್ಟದ್ದು ಅದು. ಕಾದ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ತೂಕ ಅದೇ, ಸ್ವಭಾವ ಬೇರೆ. ಫೆಬ್ರವರಿಯಲ್ಲಿ ಸುಮ್ಮನಿದ್ದದ್ದು ಆಗಸ್ಟಿನ ಡ್ಯಾಶ್‌ಬೋರ್ಡಿನ ಮೇಲೆ ಸುಮ್ಮನಿರಲಿಲ್ಲ.

“ನಾನು ಡಬ್ಬಿ ವಾಪಸ್ ಕೇಳಬೇಕಿತ್ತು. ಬರೆದದ್ದನ್ನು ನೀನು ಓದುತ್ತೀ ಅಂತ ನಂಬಿದೆ” ಎಂದರು ಮುದುಕರು, ಸಿಟ್ಟಿಲ್ಲದೆ. ಆಮೇಲೆ ನನ್ನ ಕಡೆ ತಿರುಗಿದರು. “ತಕ್ಕಡಿಯಲ್ಲಿ ಮುಶ್ಕಿಲ್ ಮಾಫಿ. ಖಲಾಸ್.” ತೊಂದರೆ ಇಲ್ಲ, ಮುಗಿಯಿತು.

ಹೀಗೆ ನನ್ನ ತಕ್ಕಡಿ ಖುಲಾಸೆಯಾಯಿತು. ಅಳಿಯ ನನಗೆ ಸಾರಿ ಹೇಳಲಿಲ್ಲ, ನಾನೂ ಅವನಿಗೆ ಹೇಳಲಿಲ್ಲ. ಅದರ ಬದಲು ಅವನು ನಮ್ಮ ಕ್ಯಾಟಲಾಗ್ ತರಿಸಿಕೊಂಡು ಅದರಲ್ಲಿದ್ದ ಅತಿ ದುಬಾರಿ ತಕ್ಕಡಿಯ ಮೇಲೆ ಬೆರಳಿಟ್ಟ. ಮನುಷ್ಯನಿಗೆ ಬೇಕಾದದ್ದು ಡಬ್ಬಿ ಇಡಲು ಒಂದು ತಂಪು ಕಪಾಟು. ಆದರೆ ನಮ್ಮ ಕಂಪೆನಿ ಕಪಾಟು ಮಾರುತ್ತಿರಲಿಲ್ಲ. ಮ್ಯಾನೇಜರ್ ಫೋನಿನಲ್ಲಿ, “ಭಾರೀ ಚಂದ ಹ್ಯಾಂಡಲ್ ಮಾಡಿದ್ರಿ ನೀವು. ಸಾರಿ ಹೇಳಿದ್ದಕ್ಕೇ ನೋಡಿ ಇದು” ಎಂದರು. ನಾನು ತಿದ್ದಲು ಹೋಗಲಿಲ್ಲ. ಆ ತಿಂಗಳು ಆಫೀಸಿನ ಗೋಡೆಯ ಮೇಲೆ ಉತ್ತಮ ಉದ್ಯೋಗಿಯೆಂದು ನನ್ನ ಫೋಟೋ ಬಂತು, ಮಾರಾಟ ವಿಭಾಗದ ಸಾಲಿನಲ್ಲಿ.

ಹೊಸ ತಕ್ಕಡಿ ಜೋಡಿಸಿಕೊಡಲು ಹೋದದ್ದು ನವೆಂಬರಿನಲ್ಲಿ. ಮುದುಕರು ಅಳಿಯನನ್ನು ಮೊದಲಿನಿಂದ ಕೂರಿಸಿದ್ದರು, ಪುಸ್ತಕದ ಅತಿ ಕಡಿಮೆ ಅಳತೆಗೆ. ಅಳಿಯ ಬೇಸರದ ಮುಖ ಮಾಡಿ ಚಿಟಿಕೆ ಚಿಟಿಕೆ ಮದ್ದು ತೂಗುತ್ತಿದ್ದ.

“ಇಷ್ಟು ಕಡಿಮೆ ಹಾಕಿದರೆ ಗುರಿಯವರೆಗಾದರೂ ಹೋಗುತ್ತದಾ?” ಎಂದು ಕೇಳಿದ.

“ಹೋಗುತ್ತದೆ. ನೀನೂ ಮನೆಗೆ ಹೋಗುತ್ತಿ” ಎಂದರು ಮುದುಕರು.

ಹೊರಗೆ ಅವನು ಹೊಡೆಯುವುದನ್ನು ನಾನು ಕಿವಿ ಮುಚ್ಚಿಕೊಂಡು ನೋಡಿದೆ. ಬೋಲ್ಟ್ ಎರಡು ಬೆರಳಿಗೆ ಎದ್ದಿತು. ಮಾವ ಏನೂ ಹೇಳುವ ಮೊದಲೇ ಅವನು ಖಾಲಿ ಚಿಪ್ಪನ್ನು ಹೆಕ್ಕಿ, ಬಿಸಿಲಿಗೆ ತಿರುಗಿಸಿ ಹಿಡಿದು, ಭೂತಗನ್ನಡಿಗಾಗಿ ಕೈ ಚಾಚಿದ.