ಕಂಬಳಿ ಮಾರುವ ಮಾತು

ಚಂದ್ರಮ್ಮನಷ್ಟು ಅಂಜುಬುರುಕಿ ಹೆಂಗಸನ್ನು ನಾನು ನಾಗಪುರದಲ್ಲಿ ಹೋಗಲಿ, ಹುಬ್ಬಳ್ಳಿಯಲ್ಲೂ ಕಂಡಿರಲಿಲ್ಲ. ಹಲ್ಲಿಗೆ ಹೆದರುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು. ಓಣಿಯಲ್ಲಿ ಪೊಲೀಸನ ಬೂಟಿನ ಸದ್ದಾದರೆ ರೊಟ್ಟಿ ತಟ್ಟುವುದನ್ನು ಬಿಟ್ಟು ಒಳಕೋಣೆ ಸೇರುತ್ತಿದ್ದಳು. ಗಂಡ ಗಿರಣಿ ಕೆಲಸಕ್ಕೆಂದು ಗದಗಿನಿಂದ ಕರೆತಂದು, ಜ್ವರ ಬಂದು ತೀರಿಕೊಂಡಿದ್ದ. ಊರಿಗೆ ಮರಳಲು ಮುಖವಿಲ್ಲದೆ ಮಹಾಲ್ ಎಂಬ ಹಳೇ ಪೇಟೆಯ ವಾಡೆಯೊಂದರ ಕೆಳಗಿನ ಕೋಣೆಗಳಲ್ಲಿ ಖಾನಾವಳಿ ನಡೆಸಿಕೊಂಡಿದ್ದಳು. ಅದೇ ವಾಡೆಯ ಮಾಳಿಗೆಯಲ್ಲಿ ನಾವಿದ್ದೆವು. ನಮ್ಮ ಯಜಮಾನರು ವ್ಯಾಸರಾಜರಿಗೆ ರೈಲ್ವೆಯಲ್ಲಿ ಗುಮಾಸ್ತಿಕೆ, ನನಗೆ ಮಾಳಿಗೆಯಿಂದ ಕೆಳಗಿನ ಸುದ್ದಿ ಕೇಳುವ ಕೆಲಸ.

ಪ್ರತಿ ಚಳಿಗಾಲ ಗದಗು, ರಾಣೆಬೆನ್ನೂರು ಕಡೆಯ ಹುಡುಗರು ಕರಿಕಂಬಳಿಯ ಗಂಟು ಹೊತ್ತು ನಾಗಪುರಕ್ಕೆ ಬರುತ್ತಿದ್ದರು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಹೇಗೋ ಕೇಳಿಕೊಂಡು ಚಂದ್ರಮ್ಮನ ಬಾಗಿಲಿಗೆ ಬಂದು ಮುಟ್ಟುತ್ತಿದ್ದರು. ಅವಳು ಅವರಿಗೆ ಜೋಳದ ರೊಟ್ಟಿ ಹಾಕುತ್ತಿದ್ದಳು, ಹಿಂದಿನ ಪಡಸಾಲೆಯಲ್ಲಿ ಮಲಗಿಸುತ್ತಿದ್ದಳು, ಬೀದಿಯಲ್ಲಿ ಯಾರಾದರೂ ಕಾಡಿದರೆ ಸೆರಗು ಹೊದ್ದು ಹೋಗಿ ಚೊಕ್ಕ ಮರಾಠಿಯಲ್ಲಿ ಕೈಮುಗಿದು ಬಿಡಿಸಿಕೊಂಡು ಬರುತ್ತಿದ್ದಳು. ಹೆದರುತ್ತಲೇ ಹೋಗುತ್ತಿದ್ದಳು, ಹೆದರುತ್ತಲೇ ಬರುತ್ತಿದ್ದಳು.

ಐವತ್ತಾರರ ಚಳಿಗಾಲ ಮಾತ್ರ ಬೇರೆಯಾಗಿತ್ತು. ರಾಜ್ಯಗಳ ಗಡಿ ಹೊಸದಾಗಿ ಎಳೆದಿದ್ದರು. ನಾಗಪುರದ ರಾಜಧಾನಿ ಪಟ್ಟ ಹೋಗಿ, ಕಚೇರಿಗಳು ಮುಂಬಯಿಗೂ ಭೋಪಾಳಕ್ಕೂ ಗಂಟುಮೂಟೆ ಕಟ್ಟಿದ್ದವು. ಕೆಲಸ ಹೋದವರು ಕಟ್ಟೆಯ ಮೇಲೆ ಹಲ್ಲು ಕಡಿಯುತ್ತ ಕೂತಿದ್ದರು. ಅದರ ಮೇಲೆ ಚುನಾವಣೆ ಬೇರೆ. ನಮ್ಮ ಪೇಟೆಯಿಂದ ನಿಂತ ತಾತ್ಯಾಸಾಹೇಬರಿಗೆ ಬೈಯಲು ಯಾರಾದರೂ ಬೇಕಿತ್ತು. ದಿಲ್ಲಿಯವರನ್ನು ಬೈದರೆ ದಿಲ್ಲಿಗೆ ಕೇಳಿಸೀತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುವ ಹಾಗೆ ಅವರು ಕಂಬಳಿ ಹುಡುಗರನ್ನು ಹಿಡಿದರು. ಬೆಳಗಾವಿ ನುಂಗಿದ ಕಾನಡಿಗಳು ಈಗ ನಿಮ್ಮ ತುತ್ತಿಗೂ ಕೈ ಹಾಕಿದ್ದಾರೆ ಎಂದು ಚೌಕಚೌಕದಲ್ಲಿ ಹೇಳಿಕೊಂಡು ತಿರುಗಿದರು.

ಅಂಥ ಹೊತ್ತಿನಲ್ಲಿ ಸೀತಾಬರ್ಡಿಯ ರಸ್ತೆ ಬದಿಯಲ್ಲಿ ಉಮಾಪತಿ, ರುದ್ರಪ್ಪ ಎಂಬ ಇಬ್ಬರು ಕಂಬಳಿ ಹರವಿಕೊಂಡು ಕೂತಿದ್ದರು. ಉಮಾಪತಿ ದೊಡ್ಡವ. ರುದ್ರಪ್ಪನಿಗೆ ಆಗಿನ್ನೂ ಮೀಸೆ ಚಿಗುರುತ್ತಿತ್ತು. ಗಿರಾಕಿಯೊಬ್ಬ ಕಂಬಳಿಯ ತುದಿ ಜಗ್ಗುತ್ತ ಚೌಕಾಸಿಗೆ ಕೂತ. ಅವನು ಏಳಲೊಲ್ಲ, ಉಮಾಪತಿ ಬಿಡಲೊಲ್ಲ. ಹಸಿದು ಬೇಸತ್ತ ರುದ್ರಪ್ಪ, “ಮಾರೋ! ಮಾರೋ ಅಣ್ಣಾ, ಸಾಕಾಗೇತಿ!” ಎಂದು ಕೂಗಿಬಿಟ್ಟ.

ನಮ್ಮಲ್ಲಿ ಮಾರು ಎಂದರೆ ದುಡ್ಡು ತಗೊಂಡು ಕೊಟ್ಟುಬಿಡು ಎಂದು. ಆ ಊರಿನ ಹಿಂದಿಯಲ್ಲಿ ಮಾರೋ ಎಂದರೆ ಹೊಡಿ, ಕೊಲ್ಲು. ಗಿರಾಕಿ ಬೆಚ್ಚಿ ಎದ್ದು ಹಿಂದೆ ಸರಿದವನು ಕಂಬಳಿಗೇ ಕಾಲು ತೊಡರಿ ನಿಂತಿದ್ದ ಟಾಂಗಾದ ಗಾಲಿಗೆ ಬಿದ್ದ, ಹಣೆ ಒಡೆಯಿತು. ದುರ್ದೈವಕ್ಕೆ ಅವನು ತಾತ್ಯಾಸಾಹೇಬರ ಕಾರ್ಯಕರ್ತ. ಜನ ಸೇರಿ ಇಬ್ಬರನ್ನೂ ಬಡಿದರು. ಉಮಾಪತಿ ಹೇಗೋ ತಪ್ಪಿಸಿಕೊಂಡು ಬಂದು ಚಂದ್ರಮ್ಮನಿಗೆ ಸುದ್ದಿ ಮುಟ್ಟಿಸಿದ. ರುದ್ರಪ್ಪನನ್ನು ಪೊಲೀಸರು ಒಯ್ದರು. ಮಾತು ಮನೆ ಕೆಡಿಸಿತು ಅನ್ನುತ್ತಾರೆ, ಇಲ್ಲಿ ಒಂದೇ ಶಬ್ದ ಸಾಕಾಯಿತು.

ಅದೇ ಸಂಜೆ ನಮ್ಮ ಚೌಕದಲ್ಲಿ ಸಭೆ. ಕಿಟಕಿ ಮುಚ್ಚಿದರೂ ತಾತ್ಯಾಸಾಹೇಬರ ದನಿ ಮನೆಯೊಳಗೇ ಬಂದು ಕೂತಿತು. “ಈ ಕಾಳೇ ಯಂಡುಗುಂಡು ಪೋರಗಳು ನಮ್ಮ ರಸ್ತೆಯಲ್ಲೇ ನಿಂತು ಮಾರೋ ಮಾರೋ ಅನ್ನುತ್ತಾರೆ!” ಕಾಳೇ ಅಂದರೆ ಕರಿಯರು, ಯಂಡುಗುಂಡು ಅಂದರೆ ನಮ್ಮ ದಕ್ಷಿಣದವರ ನುಡಿಯನ್ನು ಅಣಕಿಸುವ ಶಬ್ದ. ಅಲ್ಲಿಯತನಕ ಅದು ಚೇಷ್ಟೆಯ ಮಾತಾಗಿತ್ತು, ನಾನೂ ಎಷ್ಟೋ ಸಲ ನಕ್ಕಿದ್ದೆ. ಅಂದು ಅಷ್ಟು ಜನ ಒಟ್ಟಿಗೆ ಅದನ್ನು ಕೂಗಿದಾಗ ನಾನು ದೀಪ ಆರಿಸಿಬಿಟ್ಟೆ. ರುದ್ರಪ್ಪನ ಮೇಲೆ ಕೊಲೆಯ ಪ್ರಯತ್ನದ ಆರೋಪ ಹೊರಿಸುತ್ತಾರಂತೆ, ವರ್ಷಗಟ್ಟಲೆ ಜೈಲಂತೆ ಎಂದು ಸುದ್ದಿ ಬಂತು.

ಉಳಿದ ಹುಡುಗರು ಚಂದ್ರಮ್ಮನ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಹೆಂಚಿನ ಮೇಲೆ ಕಲ್ಲು ಬಿದ್ದವು. ಊಟಕ್ಕೆ ಬರುತ್ತಿದ್ದ ಮರಾಠಿ ಗುಮಾಸ್ತರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ವಾಡೆಯ ಒಡತಿ ಕಾಶಿಬಾಯಿ ಒಳ್ಳೆಯವಳು. ಬಿಟ್ಟುಹೋಗು ಎನ್ನಲು ಬಾಯಿ ಬರದೆ, “ಚಂದ್ರಾಬಾಯಿ, ನನಗೂ ಭಯವಾಗುತ್ತದೆ” ಎಂದಷ್ಟೇ ಮರಾಠಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಮರುದಿನ ಚಂದ್ರಮ್ಮ ಮಾಳಿಗೆ ಹತ್ತಿ ಬಂದಳು.

“ರಮಾಬಾಯಾರ, ನನ್ನ ಜತಿ ತಾತ್ಯಾಸಾಹೇಬರ ಮನಿಗಿ ಬರ್ತೀರೇನ್ರಿ? ಪಾಪ, ಅವರಿಗಿ ನಮ್ಮ ಮಾತು ತಿಳಿದಿಲ್ಲ. ಬಿಡಿಸಿ ಹೇಳಿದ್ರ ತಿಳ್ಕೋತಾರ.”

“ನಿನಗ ಬುದ್ಧಿ ಅದನೋ ಇಲ್ಲೋ?” ಎಂದು ಯಜಮಾನರು ನನ್ನ ಮೇಲೆ ರೇಗಿದರು. “ನಾ ಸರಕಾರಿ ನೌಕರ.”

“ನೌಕರಿ ನಿಮ್ದು. ಕಾಲು ನನ್ನವು” ಎಂದು ನಾನು ಚಪ್ಪಲಿ ಮೆಟ್ಟಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಿಲ್ಲದಿದ್ದರೆ ನನಗೂ ಆ ಮೆಟ್ಟಿಲಿಳಿಯುವ ಧೈರ್ಯ ಬರುತ್ತಿರಲಿಲ್ಲ.

ತಾತ್ಯಾಸಾಹೇಬರು ಆದರದಿಂದಲೇ ಕೂರಿಸಿದರು, ಚಹಾ ತರಿಸಿದರು. ಚಂದ್ರಮ್ಮ ಕಪ್ಪನ್ನು ಮುಟ್ಟದೆ, ಮಾರು ಶಬ್ದದ ಅರ್ಥವನ್ನು ಮಕ್ಕಳಿಗೆ ಹೇಳುವಂತೆ ಹೇಳಿದಳು. ಅವರು ಕೊನೆಯತನಕ ಕೇಳಿ ನಕ್ಕರು.

“ಅರ್ಥ ನನಗೆ ಗೊತ್ತು ಬಾಯಿ. ಸೊಲ್ಲಾಪುರದಲ್ಲಿ ಬೆಳೆದವನು ನಾನು, ಕಾನಡಿ ಕಿವಿಗೆ ಬಿದ್ದಿದೆ. ಆದರೆ ಜನ ಕೇಳಿದ್ದು ಮಾರೋ ಅಂತಲೇ ಅಲ್ಲವೇ?” ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. “ನೀವು ಇಲ್ಲಿಯ ನೀರು ಕುಡಿದವರು, ನಮ್ಮವರೇ. ಆ ಕರಿ ಪೋರನ ಪರವಾಗಿ ಕೋರ್ಟಿಗೆ ಬಂದರೆ ಮಾತ್ರ ನೀವೂ ಯಂಡುಗುಂಡು. ನಿಮ್ಮದು ಹಳೆಯ ಕಟ್ಟಿಗೆಯ ವಾಡೆ. ಬೇಗ ಹೊತ್ತಿಕೊಳ್ಳುತ್ತದೆ, ಜೋಕೆ.”

ಹೊರಗೆ ಬಂದ ಚಂದ್ರಮ್ಮ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. “ತಿಳೀಲಾರದವರಿಗೆ ತಿಳಿಸಬೌದ್ರಿ. ತಿಳಿದವರಿಗೆ ಏನಂತ ತಿಳಿಸ್ಲಿ?” ಎಂದಳು. ಅವಳು ಇನ್ನು ಕೋರ್ಟಿನ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ, ನಿಜ ಹೇಳಬೇಕೆಂದರೆ ನಿರಾಳವೂ ಆಯಿತು.

ಆದರೆ ವಿಚಾರಣೆಯ ದಿನ ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಧರಿಸಿ, ಒಂದು ಕಂಬಳಿ ಮಡಿಸಿ ಕಂಕುಳಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ನಾನು ಮತ್ತೆ ಜೊತೆಯಾದೆ.

ಕೋರ್ಟಿನ ವರಾಂಡದ ತುಂಬ ತಾತ್ಯಾಸಾಹೇಬರ ಜನ. ನಡುವೆ ದಾರಿ ಬಿಟ್ಟರು, ಬಿಡುವಾಗ ಒಬ್ಬ ಚಂದ್ರಮ್ಮನ ಕಿವಿಯ ಹತ್ತಿರ ಬೆಂಕಿಕಡ್ಡಿ ಗೀರಿ ಆರಿಸಿದ. ಒಳಗೆ ರುದ್ರಪ್ಪ ನಿಂತಿದ್ದ. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಅವನ ಮಾತು ತಿಳಿಸಲು ಯಾರೋ ಒಬ್ಬ ಮದ್ರಾಸಿಯನ್ನು ಕರೆತಂದಿದ್ದರು. ಆತ ತೆಲುಗಿನವನು. ದಕ್ಷಿಣದವರದೆಲ್ಲ ಒಂದೇ ಗಿಜಿಗಿಜಿ ಎಂದುಕೊಂಡವರ ಏರ್ಪಾಟು ಅದು. ಆತ ಕೈ ಚೆಲ್ಲಿದಾಗ ಚಂದ್ರಮ್ಮ ಎದ್ದು, ತಾನು ಹೇಳುತ್ತೇನೆ ಎಂದಳು.

ಮ್ಯಾಜಿಸ್ಟ್ರೇಟರು ಒಪ್ಪಿದರು. ಅವಳು ಕಂಬಳಿ ಬಿಚ್ಚಿ ಹಿಡಿದು ರುದ್ರಪ್ಪನ ಕಡೆ ತಿರುಗಿದಳು. “ತಮ್ಮಾ, ಗಿರಾಕಿ ಬಂದಾನ. ಈ ಕಂಬಳಿ ಏನ್ ಮಾಡ್ಲಿ? ನಿಮ್ಮಣ್ಣಗ ಏನಂದಿ, ನನಗೂ ಅನ್ನು.”

ರುದ್ರಪ್ಪ ಕಂಬಳಿ ನೋಡಿದ, ಪಕ್ಕದ ಪೊಲೀಸನ ಕೈ ನೋಡಿದ. ಆ ಶಬ್ದಕ್ಕಾಗಿ ಎಷ್ಟು ಪೆಟ್ಟು ತಿಂದಿದ್ದನೋ. “ಬೇಚೋ” ಎಂದ, ಮಾರು ಎಂಬುದನ್ನೇ ಹಿಂದಿಯಲ್ಲಿ.

ಎದುರು ಪಕ್ಷದ ವಕೀಲ ಕುಣಿದಾಡಿದ. ಬೇಚೋ ಎನ್ನಲು ಬರುವವನು ಅಂದು ಮಾರೋ ಎಂದದ್ದು ಏಕೆ, ಹೊಡೆಯಲಿಕ್ಕೆ ತಾನೆ? ವರಾಂಡದಲ್ಲಿ ನಗೆ ಎದ್ದಿತು. ಲಾಕಪ್ಪಿನಲ್ಲಿ ಕಲಿತ ಒಂದು ಶಬ್ದದಿಂದ ಹುಡುಗ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಿದ್ದ.

ಆಗ ಚಂದ್ರಮ್ಮ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ನೇರ ಬಾಗಿಲಿಗೆ ಹೋದಳು. ಬೆಂಕಿಕಡ್ಡಿ ಗೀರಿದವನ ಮುಂದೆಯೇ ನಿಂತು, ಕಂಬಳಿಯ ತುದಿಯನ್ನು ಅವನ ಕೈಗೆ ಕೊಟ್ಟು, ಗದಗಿನ ಸಂತೆಗೆ ಕೇಳುವ ಹಾಗೆ ಕೂಗಿದಳು: “ಮಾರೋ ಅಣ್ಣಾ! ಮಾರೋ! ಸಾಕಾಗೇತಿ!”

ಜನ ಒಮ್ಮೆಲೇ ಮುನ್ನುಗ್ಗಿದರು. ಅವಳನ್ನು ತಳ್ಳಿದರು, ಸೆರಗು ಹರಿಯಿತು, ಜವಾನರು ಅಡ್ಡ ಬಂದರು. ಅಷ್ಟರಲ್ಲೂ ಅವಳು ಕಂಬಳಿಯನ್ನು ಎರಡೂ ಕೈಯಲ್ಲಿ ಅವನಿಗೆ ನೀಡುತ್ತಲೇ ಇದ್ದಳು. ಅವನೂ ಕಕ್ಕಾಬಿಕ್ಕಿಯಾಗಿ, ಕೊಂಡ ಗಿರಾಕಿಯಂತೆ, ಅದನ್ನು ಎದೆಗವಚಿ ಹಿಡಿದಿದ್ದ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಹೊಡಿ ಎನ್ನುವವರು ಯಾರೂ ಕೈಯಲ್ಲಿ ಕಂಬಳಿ ಕೊಡುವುದಿಲ್ಲ ಎಂದರು. ರುದ್ರಪ್ಪನನ್ನು ಬಿಟ್ಟರು.

ಬಿಟ್ಟರೇನು, ಮನೆ ಮುಟ್ಟಬೇಕಲ್ಲ. ಚಂದ್ರಮ್ಮ ಅವನ ರಟ್ಟೆ ಹಿಡಿದು ನಡೆದಳು. ಹಿಂದೆ ಯಂಡುಗುಂಡು, ಯಂಡುಗುಂಡು ಎನ್ನುತ್ತ ಗುಂಪು ವಾಡೆಯತನಕ ಬಂತು. ಒಂದು ಕಲ್ಲು ನನ್ನ ಭುಜಕ್ಕೂ ತಾಗಿತು. ಕಾಶಿಬಾಯಿ ದೊಡ್ಡ ಬಾಗಿಲು ತೆರೆದು ನಮ್ಮನ್ನು ಒಳಗೆಳೆದುಕೊಂಡು ಅಗುಳಿ ಹಾಕಿದಳು. ಹೊರಗೆ ಕೂಗು ಇನ್ನೂ ನಡೆದಿತ್ತು.

ಚಂದ್ರಮ್ಮ ಒಲೆ ಹಚ್ಚಿದಳು. ರುದ್ರಪ್ಪನ ಮುಂದೆ ತಾಟು ಇಟ್ಟು, ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಹಾಕಿದಳು. ಅವನು ಬಾಗಿಲ ಕಡೆಯೇ ನೋಡುತ್ತ ತಿಂದ.

“ಇನ್ನೊಂದು ಹಾಕ್ಲೇನೋ?”

“ನಕೋ” ಎಂದ, ಮರಾಠಿಯಲ್ಲಿ, ಉಸಿರಿನಷ್ಟೇ ದನಿಯಲ್ಲಿ.

ಅಂದೆಲ್ಲ ಅಳದಿದ್ದ ಚಂದ್ರಮ್ಮನ ಕಣ್ಣು ತುಂಬಿದವು. “ಬ್ಯಾಡ ಅನ್ನೋ ನನ್ನಪ್ಪಾ. ಇಲ್ಲಿ ಹೊರಗಿನವರು ಯಾರೂ ಇಲ್ಲ, ನಾ ಅದೀನಿ. ಒಂದ್ಸಲ ಬ್ಯಾಡ ಅನ್ನು” ಎಂದು ಅಂಗಲಾಚಿದಳು.

ಅವನು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, ತುಟಿ ಬಿಗಿದು, ಅತ್ತಿತ್ತ ತಲೆಯಾಡಿಸಿದ.