ಹತ್ತು ಯಂತ್ರಗಳಿಗೆ ಒಂದೇ ಆಜ್ಞೆ

ದ್ವಾರಕಾ ಕಲಶೆಟ್ಟಿ ಅಕ್ಕಲಕೋಟದ ಹುಡುಗಿ. ತಂದೆ ತಹಶೀಲ ಕಚೇರಿಯಲ್ಲಿ ಕಾರಕೂನರು. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲೆ, ಆಮೇಲೆ ಮರಾಠಿ, ಸೋಲಾಪುರದಲ್ಲಿ ಬಿ.ಎಸ್ಸಿ., ಅದರ ಮೇಲೆ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ. ೧೯೯೫ರಲ್ಲಿ ಸೋಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಚಾದರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವಳಿಗೆ ಇಪ್ಪತ್ತಾರು ವರ್ಷ. ಮುಂಜಾನೆ ಆರೂವರೆಯ ಎಸ್‌ಟಿ ಬಸ್ಸು ಹಿಡಿದು ಸೋಲಾಪುರಕ್ಕೆ ಬಂದು, ಅಲ್ಲಿಂದ ಕಾರ್ಖಾನೆಯ ಟೆಂಪೊದಲ್ಲಿ ಹೋಗುತ್ತಿದ್ದಳು. ತಾಯಿ ಗಿರಿಜಾಬಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಟೆಂಪೊದಲ್ಲೇ ಅರ್ಧ ಖಾಲಿಯಾಗುತ್ತಿತ್ತು.

ಕಾರ್ಖಾನೆಯಲ್ಲಿ ಹನ್ನೊಂದು ಕಂಪ್ಯೂಟರ್‌ಗಳಿದ್ದವು. ಒಂದು ಡಿಸೈನ್ ಕೋಣೆಯಲ್ಲಿ, ಉಳಿದ ಹತ್ತು, ಮಗ್ಗಗಳಿದ್ದ ಹತ್ತು ಶೆಡ್‌ಗಳಲ್ಲಿ. ಯಾವ ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕು ಎಂದು ಹೇಳುವ ಕೆಲಸ ಈ ಹತ್ತರದು. ಒಂದು ಸಣ್ಣ ಬದಲಾವಣೆ ಬೇಕೆಂದರೂ ದ್ವಾರಕಾ ಶೆಡ್‌ನಿಂದ ಶೆಡ್‌ಗೆ ನಡೆದು, ಮಗ್ಗಗಳ ಗದ್ದಲದಲ್ಲಿ ಸ್ಟೂಲಿನ ಮೇಲೆ ಕೂತು, ಅದದೇ ಆಜ್ಞೆಯನ್ನು ಹತ್ತು ಸಲ ಟೈಪ್ ಮಾಡಬೇಕಾಗಿತ್ತು. ಮಧ್ಯಾಹ್ನ ಮರಳುವಷ್ಟರಲ್ಲಿ ಕೂದಲ ತುಂಬ ಹತ್ತಿಯ ನಾರು.

ಎಲ್ಲ ಯಂತ್ರಗಳೂ ಒಂದೇ ತಂತಿಯಿಂದ ಜೋಡಣೆಯಾಗಿದ್ದವು. ಒಂದರ ಮುಂದೆ ಕೂತು ಇನ್ನೊಂದಕ್ಕೆ ಆಜ್ಞೆ ಕೊಡಬಹುದು, ಅದು ಅಲ್ಲೇ ಕೆಲಸ ಮುಗಿಸಿ ಉತ್ತರವನ್ನು ಇಲ್ಲಿಗೆ ಕಳಿಸುತ್ತದೆ ಎಂದು ಅವಳು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಓದಿದಳು. ಒಂದು ವಾರ ಊಟದ ಬಿಡುವಿನಲ್ಲಿ ಕೂತು ಎಂಟು ಸಾಲಿನ ಪ್ರೋಗ್ರಾಂ ಬರೆದಳು. ಹತ್ತೂ ಯಂತ್ರಗಳಿಗೆ, ‘ಡಿಸೈನ್ ಕೋಣೆಯಿಂದ ಯಾವ ಮಾತು ಬಂದರೂ ನಂಬು, ಪಾಸ್‌ವರ್ಡ್ ಕೇಳಬೇಡ’ ಎಂದು ಹೇಳಿಟ್ಟಳು. ಪ್ರೋಗ್ರಾಮಿಗೆ ‘ಎಲ್ಲಾ’ ಎಂದು ಹೆಸರಿಟ್ಟಳು. ‘ಎಲ್ಲಾ’ ಎಂದು ಬರೆದು ಮುಂದೆ ಏನು ಬರೆದರೂ ಅದು ಹತ್ತು ಕಡೆ ನಡೆಯುತ್ತಿತ್ತು.

ಮೊದಲು ಅದನ್ನು ತೋರಿಸಿದ್ದು ನಾಗಣ್ಣನವರಿಗೆ. ನಾಗಣಸೂರಿನ ನಾಗಣ್ಣ ಆ ಕಾರ್ಖಾನೆಯ ಡಿಸೈನ್ ಮಾಸ್ತರರು. ಮೂವತ್ತು ವರ್ಷದಿಂದ ಗ್ರಾಫ್ ಕಾಗದದ ಮೇಲೆ ಕುಂಚದಿಂದ ಚೌಕ ಚೌಕವಾಗಿ ಬಣ್ಣ ತುಂಬಿ ಚಾದರದ ನಕ್ಷೆ ಬರೆದವರು. ದ್ವಾರಕಾ ಅವರನ್ನು ಕಾಕಾ ಎನ್ನುತ್ತಿದ್ದಳು. ‘ಈಗ ಎಷ್ಟು ಗಂಟೆ’ ಎಂದು ಅವಳು ಎಲ್ಲಾ ಯಂತ್ರಗಳನ್ನು ಕೇಳಿದಳು. ಪರದೆಯ ಮೇಲೆ ಒಂದರ ಕೆಳಗೊಂದು ಹತ್ತು ಉತ್ತರ ಬಂದವು. ಒಂದಕ್ಕೂ ಇನ್ನೊಂದಕ್ಕೂ ಐದಾರು ನಿಮಿಷ ಹೆಚ್ಚುಕಡಿಮೆ.

ನಾಗಣ್ಣ ನಕ್ಕರು. "ಹತ್ತೂ ಮಂದಿ ಓ ಅಂದ್ರಲ್ಲ ತಂಗೀ! ಒಬ್ಬರ ಗಡಿಯಾಳನೂ ಖರೇ ಇಲ್ಲ."

"ಅದನ್ನೂ ಇಲ್ಲಿಂದನ ಸರಿ ಮಾಡ್ತೀನಿ ನೋಡ್ರಿ ಕಾಕಾ," ಎಂದು ಇನ್ನೊಂದು ಸಾಲು ಬರೆದಳು. ಹತ್ತು ಗಡಿಯಾರಗಳು ಸರಿಯಾದವು.

ಮರುವರ್ಷ ಮಾಲೀಕರ ಅಣ್ಣನ ಮಗ ಪರಾಗ ಮ್ಯಾನೇಜರ್ ಆಗಿ ಬಂದ. ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ. ನಾಗಣ್ಣನವರ ಎಂಟುನೂರ ನಲವತ್ತು ನಕ್ಷೆಗಳು ಹೀಗೆ ಶೆಡ್‌ಗಳ ಯಂತ್ರಗಳಿಗೆ ಹೋದವು; ಡಿಸೈನ್ ಕೋಣೆಯ ಯಂತ್ರದಲ್ಲಿ ಅವಕ್ಕೆ ಜಾಗವಿರಲಿಲ್ಲ. ಆಮೇಲೆ ಗ್ರಾಫ್ ಕಾಗದ ಇಟ್ಟಿದ್ದ ಕೋಣೆಯೇ ಪರಾಗನಿಗೆ ಬೇಕಾಯಿತು. ಕಾಗದಗಳನ್ನು ರದ್ದಿಗೆ ಹಾಕುವುದೆಂದು ತೀರ್ಮಾನವಾಯಿತು. ಮೂರನೆಯ ದಿನ ನಾಗಣ್ಣ ದ್ವಾರಕಾಳ ಹತ್ತಿರ ಬಂದು ಕೂತರು.

"ನೀ ಹೇಳು ತಂಗೀ. ಕಾಗದ ಒಗದ್ರ ನಡೀತೈತೇನು?"

"ಏನೂ ಆಗೂದಿಲ್ರಿ ಕಾಕಾ. ಒಂದು ಶೆಡ್ಡಿನ ನಕ್ಷೆ ಬಾಜೂ ಶೆಡ್ಡಿನ್ಯಾಗೂ ಅದಾವ. ಒಂದು ಕೆಟ್ರ ಇನ್ನೊಂದು. ಎರಡೂ ಒಮ್ಮೆಲೆ ಹ್ಯಾಂಗ ಕೆಡತಾವರಿ?"

"ನಿನ್ನ ಮಾತಿನ ಮ್ಯಾಲೆ ಒಪ್ಪತೀನಿ ಹಂಗಾದ್ರ," ಎಂದರು. ಕಾಗದದ ಗಂಟುಗಳನ್ನು ಲಾರಿಗೆ ಹೇರುವಾಗ ಅವರು ಹೊರಗೆ ಬರಲಿಲ್ಲ.

ಟೇಪಿನಲ್ಲಿ ಮೂರನೆಯ ಪ್ರತಿ ಇರಬೇಕಾಗಿತ್ತು. ಟೇಪ್ ಯಂತ್ರ ಮಳೆಗಾಲದಲ್ಲೇ ಕೆಟ್ಟಿತ್ತು. ದ್ವಾರಕಾ ಎರಡು ಅರ್ಜಿ ಕೊಟ್ಟಿದ್ದಳು. ಪರಾಗ ನೋಡೋಣ ಎಂದಿದ್ದ. ‘ಎಲ್ಲಾ’ ನಿಧಾನ, ಒಂದು ಯಂತ್ರ ಮುಗಿದ ಮೇಲೆ ಇನ್ನೊಂದಕ್ಕೆ ಹೋಗುತ್ತದೆ ಎಂಬುದು ಅವನ ಇನ್ನೊಂದು ದೂರು. ಅವಳು ಅದನ್ನು ತಿದ್ದಿ ಹತ್ತಕ್ಕೂ ಆಜ್ಞೆ ಒಂದೇ ಸಲ ಹೋಗುವಂತೆ ಮಾಡಿಕೊಟ್ಟಳು.

೧೯೯೭ರ ನವೆಂಬರಿನ ಒಂದು ಗುರುವಾರ. ನಾಗಣ್ಣ ತಂಗಿಯ ಮಗಳ ಲಗ್ನಕ್ಕೆಂದು ಅವತ್ತಿನಿಂದ ರಜೆಯ ಮೇಲಿದ್ದರು. ಹೊರದೇಶದ ಆರ್ಡರಿನ ಟವೆಲ್ಲುಗಳ ನಕ್ಷೆಗಳಿಗೆ ಜಾಗ ಸಾಲದೆ ಯಂತ್ರಗಳು ತುಂಬಿಹೋಗಿದ್ದವು. ಪರೀಕ್ಷೆಗೆಂದು ಮಾಡಿದ ಕಚ್ಚಾ ನಕ್ಷೆಗಳು ಪ್ರತಿ ಯಂತ್ರದೊಳಗೂ ‘ಟ್ರಯಲ್’ ಎಂಬ ಕಪಾಟಿನಲ್ಲಿ, ಅಂದರೆ ಫೋಲ್ಡರಿನಲ್ಲಿ, ಬಿದ್ದಿದ್ದವು. ಅವನ್ನು ಅಳಿಸಿದರೆ ಜಾಗವಾಗುತ್ತಿತ್ತು. ‘ಟ್ರಯಲ್ ಕಪಾಟಿಗೆ ಹೋಗು; ಅಲ್ಲಿರುವುದನ್ನೆಲ್ಲ ಅಳಿಸು’ — ದ್ವಾರಕಾ ಬರೆದ ಆಜ್ಞೆ ಇಷ್ಟೇ. ಮೊದಲು ತನ್ನ ಯಂತ್ರದಲ್ಲಿ ನಡೆಸಿ ನೋಡಿದಳು. ಸರಿಯಾಗಿ ನಡೆಯಿತು. ಆಮೇಲೆ ಆಜ್ಞೆಯ ಮೊದಲಿಗೆ ‘ಎಲ್ಲಾ’ ಸೇರಿಸಿ ಕಳಿಸಿದಳು.

ಅವಳ ಯಂತ್ರದಲ್ಲಿ ‘ಟ್ರಯಲ್’ ಎಂಬ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಿಂದ ಶುರುವಾಗುತ್ತಿತ್ತು. ಶೆಡ್‌ಗಳ ಯಂತ್ರಗಳನ್ನು ಕೂಡಿಸಿದ ಪುಣೆಯ ಎಂಜಿನಿಯರ್ ದೊಡ್ಡ ಅಕ್ಷರ ಹಾಕಿದ್ದ. ಆ ಯಂತ್ರಗಳಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಅವಳು ಹೇಳಿದ ಕಪಾಟು ಅವಕ್ಕೆ ಸಿಗಲಿಲ್ಲ. ಸಿಗದಿದ್ದರೆ ನಿಲ್ಲು ಎಂದು ಆಜ್ಞೆಯಲ್ಲಿ ಇರಲಿಲ್ಲ. ನಿಂತಲ್ಲೇ ನಿಂತು, ಅಂದರೆ ಇಡೀ ಯಂತ್ರದ ಬುಡದಲ್ಲಿ ನಿಂತು, ಹತ್ತೂ ಅಳಿಸತೊಡಗಿದವು.

‘ಅಂಥ ಕಪಾಟಿಲ್ಲ’ ಎಂಬ ಸಾಲು ಪರದೆಯ ಮೇಲೆ ಹತ್ತು ಸಲ ಬಂತು. ಅದನ್ನು ಓದಿದ ಕೂಡಲೇ ದ್ವಾರಕಾ ನಿಲ್ಲಿಸುವ ಕೀಲಿ ಒತ್ತಿದಳು. ಆಜ್ಞೆ ಆಗಲೇ ಅವಳ ಕೈ ಬಿಟ್ಟು ಹೋಗಿತ್ತು. ಎದ್ದು ಓಡಿದಳು. ಮೊದಲ ಶೆಡ್ಡಿನ ಯಂತ್ರದ ಸ್ವಿಚ್ ಆರಿಸಿದಳು, ಎರಡನೆಯದರದು, ಮೂರನೆಯದರದು. ನಾಲ್ಕನೆಯ ಶೆಡ್ ಅಂಗಳದ ಆಚೆಗಿತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗ್ಗಗಳು ಒಂದೊಂದೇ ನಿಲ್ಲುತ್ತಿದ್ದವು. ಕೆಲಸಗಾರರು ಲೈಟು ಹೋಯಿತೆಂದುಕೊಂಡು ಮೇಲೆ ನೋಡುತ್ತಿದ್ದರು. ಲೈಟು ಉರಿಯುತ್ತಿತ್ತು.

ಸ್ವಿಚ್ ಆರಿಸಿದ ಮೊದಲ ಮೂರು ಶೆಡ್‌ಗಳ ಯಂತ್ರಗಳಲ್ಲಿ ಉಳಿದದ್ದು ಹೊರಗಿನಿಂದ ಕೊಂಡು ತಂದ ಟವೆಲ್ಲುಗಳ ನಕ್ಷೆ. ನಾಗಣ್ಣನವರ ಚಾದರದ ನಕ್ಷೆಗಳೆಲ್ಲ, ಅವುಗಳ ಜೋಡಿ ಪ್ರತಿಗಳೂ, ಅಂಗಳದಾಚೆಯ ಶೆಡ್‌ಗಳಲ್ಲಿದ್ದವು. ಒಂದೂ ಉಳಿಯಲಿಲ್ಲ.

ಸಂಜೆ ಪರಾಗ ಅವಳನ್ನು ಕರೆದ. ಅವನ ಮುಖವೂ ಬಿಳಿಚಿತ್ತು. ಮಾಲೀಕರಿಗೆ ಏನು ಹೇಳಲಿ ಎಂಬ ಚಿಂತೆ ಅವನಿಗೆ.

"ಮ್ಯಾಡಮ್, ನೀವು ಏನೂ ಬರದು ಕೊಡಬ್ಯಾಡ್ರಿ," ಎಂದ. "ನಿನ್ನೆ ನಾಗಣ್ಣ ನಿಮ್ಮ ಕಂಪ್ಯೂಟರ್ ಮುಂದ ಕುಂತಿದ್ರು. ಎಲ್ಲಾರೂ ನೋಡ್ಯಾರ. ಅವರು ಏನೋ ಒತ್ತಿ ಇಟ್ಟು ಹೋಗಿದ್ರು ಅನ್ನೋಣ. ಮಾರ್ಚಕ್ಕ ಹೆಂಗೂ ರಿಟೈರ್ ಆಗ್ತಾರ. ಅವರಿಗೇನು ಫರಕ ಬೀಳತೈತಿ?"

"ಅವರು ಕೀಬೋರ್ಡ್ ಮುಟ್ಟಿಲ್ರಿ."

"ಮುಟ್ಟಿಲ್ಲ ಅಂತ ಯಾರಿಗೆ ಗೊತ್ತೈತಿ? ನಿಮ್ಮ ನೌಕರಿ ಉಳೀತೈತಿ, ವಿಚಾರ ಮಾಡ್ರಿ."

ದ್ವಾರಕಾ ವಿಚಾರ ಮಾಡಿದಳು. ಹಾಗೆ ವಿಚಾರ ಮಾಡಿದ್ದನ್ನು ಅವಳು ಮುಂದೆ ಎಂದೂ ಮುಚ್ಚಿಡಲಿಲ್ಲ. ಅಪ್ಪನ ನೌಕರಿ ಮುಗಿದಿತ್ತು, ತಮ್ಮ ಇನ್ನೂ ಓದುತ್ತಿದ್ದ. ಆಮೇಲೆ ಒಂದು ಹಾಳೆ ಕೇಳಿ, ಆಜ್ಞೆ ತನ್ನದು, ತಪ್ಪು ತನ್ನದು ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿದಳು. ಹದಿನೈದು ದಿನಕ್ಕೆ ಅವಳನ್ನು ಕೆಲಸದಿಂದ ತೆಗೆದರು.

ಆ ಗುರುವಾರದ ಮರುದಿನ ಮುಂಜಾನೆಯೇ ಅವಳು ನಾಗಣಸೂರಿನ ಬಸ್ಸು ಹತ್ತಿದಳು. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದೆಂದು ಅವಳ ಹಟ. ನಾಗಣ್ಣ ಲಗ್ನದ ಅಕ್ಕಿಕಾಳು ಹಾಕಲು ಹೊರಟು, ಮಡಿಕೆ ಹಾಕಿದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಹೆಂಡತಿ ಸುಗಲಾಬಾಯಿ ಒಳಗಿನಿಂದ ಚಹಾ ತಂದರು. ದ್ವಾರಕಾ ಬಟ್ಟಲು ಮುಟ್ಟದೆ ಹೇಳಿದಳು.

"ಎಲ್ಲಾ ಹೋಗ್ಯಾವ್ರಿ ಕಾಕಾ. ನನ್ನ ಕೈಲೆ ಹೋಗ್ಯಾವ."

"ಎಲ್ಲಾ ಅಂದ್ರ?"

"ನಿಮ್ಮವು ಎಲ್ಲಾ."

ಬೈಯಲಿ ಎಂದು ಅವಳು ಕಾಯುತ್ತಿದ್ದಳು. "ಚಹಾ ಆರತೈತಿ, ಕುಡಿ," ಎಂದರು ಕೊನೆಗೆ. ಆಮೇಲೆ ಎದ್ದು ಲಗ್ನಕ್ಕೆ ಹೋದರು.

ಮಾರ್ಚದಲ್ಲಿ ಅವರು ನಿವೃತ್ತರಾದಾಗ ಕಾರ್ಖಾನೆಯಲ್ಲಿ ಒಂದು ಹಾರವನ್ನೂ ಹಾಕಲಿಲ್ಲ. ನಕ್ಷೆಗಳನ್ನು ಕಾರ್ಖಾನೆಯವರು ಬೇರೆ ಕಡೆಯಿಂದ ತರಿಸಿಕೊಂಡರು. ಹಳೆಯವು ಯಾರಿಗೂ ಬೇಕಿರಲಿಲ್ಲ. ದ್ವಾರಕಾ ಅಕ್ಕಲಕೋಟದಲ್ಲಿ ಟೈಪಿಂಗ್ ಕ್ಲಾಸಿನಲ್ಲಿ ಕಲಿಸಲು ಸೇರಿದ್ದಳು. ಒಂದು ರವಿವಾರ ಮನೆಯ ಹಳೆಯ ಚಾದರವೊಂದನ್ನು ಹೊತ್ತು ನಾಗಣಸೂರಿಗೆ ಹೋದಳು.

"ಇದು ನಿಮ್ಮ ನಕ್ಷಿ ಹೌದಲ್ರಿ? ಕಾಗದ ಹೋದ್ರ ಅರಿವಿಯಂತೂ ಐತಿ. ಎಳಿ ಎಣಿಸಿ ಬರಕೊಳ್ಳೋಣ್ರಿ. ನಾ ಎಣಸ್ತೀನಿ, ನೀವು ಬಣ್ಣಾ ಹಾಕ್ರಿ."

"ಎದಕ್ಕ? ಯಾರು ನೇಯ್ತಾರ ಅದನ್ನ?"

ಅವಳು ಚಾದರವನ್ನು ಕಟ್ಟೆಯ ಮೇಲೆ ಹರವಿದಳು. ನಾಗಣ್ಣ ಒಳಗೆ ಹೋಗಿ ಎಳೆ ಎಣಿಸುವ ಭೂತಗನ್ನಡಿ ತಂದರು.

ಮುಂದಿನ ಒಂದೂವರೆ ವರ್ಷ ಪ್ರತಿ ರವಿವಾರವೂ ಹೀಗೇ ನಡೆಯಿತು. ದ್ವಾರಕಾ ಸೋಲಾಪುರ, ಅಕ್ಕಲಕೋಟ, ಸುತ್ತಲಿನ ಹಳ್ಳಿಗಳ ಪರಿಚಯದ ಮನೆಗಳಲ್ಲಿ ಹಳೆಯ ಚಾದರ ಕೇಳಿ ತರುವಳು. ಕೆಲವರು ನಕ್ಕರು, ಕೆಲವರು ಅನುಮಾನಿಸಿದರು. ತಂದದ್ದರಲ್ಲಿ ಅರ್ಧ ಬೇರೆ ಕಾರ್ಖಾನೆಯವು. ಹಾಸು, ಹೊಕ್ಕು ಎಣಿಸಿ ಒಂದು ನಕ್ಷೆ ಮುಗಿಸಲು ಎರಡು ವಾರ ಹಿಡಿಯುತ್ತಿತ್ತು. ಮೂವತ್ತೊಂದು ಆದವು. ಆ ಹೊತ್ತಿಗೆ ನಾಗಣ್ಣನವರ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಕ್ರಿಯೆಯಾದ ಮೇಲೂ ಬಲಗಣ್ಣು ತಿಳಿಯಾಗಲಿಲ್ಲ. ಹಸಿರಿದ್ದಲ್ಲಿ ನೀಲಿ ತುಂಬತೊಡಗಿದರು. ದ್ವಾರಕಾ ಹೇಳದೆ, ಮನೆಗೆ ಒಯ್ದು ತಿದ್ದುತ್ತಿದ್ದಳು.

ಒಂದು ರವಿವಾರ ಅವರಿಗೆ ಅದು ಗೊತ್ತಾಯಿತು. ಕುಂಚ ತೊಳೆದು ಇಟ್ಟರು.

"ಸಾಕು ತಂಗೀ."

"ಇನ್ನೂ ಭಾಳ ಅದಾವಲ್ರಿ ಕಾಕಾ."

"ಇರಲಿ. ನೀ ಇನ್ನ ರವಿವಾರ ಮನ್ಯಾಗಿರು. ಇಲ್ಲಿಗೆ ಬರಬ್ಯಾಡ."

ಸಿಟ್ಟಿನಿಂದ ಹೇಳಿದರೋ ಅಂತಃಕರಣದಿಂದ ಹೇಳಿದರೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಸುಗಲಾಬಾಯಿ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಹೋದರು.

ಅಂದು ಎಣಿಸಬೇಕೆಂದು ತಂದಿದ್ದ ಚಾದರ ಬಿಚ್ಚದೆ ಅವಳ ಚೀಲದಲ್ಲೇ ಉಳಿದಿತ್ತು. ವಾಗದರಿಯ ಚಂದ್ರಭಾಗಾ ಎಂಬ ಮುದುಕಿಯಿಂದ ಎಣಿಸಿ ಮರಳಿಸುತ್ತೇನೆಂದು ಕೇಳಿ ತಂದದ್ದು ಅದು. ದ್ವಾರಕಾ ಮನೆಗೆ ಹೋಗದೆ, ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ವಾಗದರಿಗೆ ಹೋದಳು. ಮುದುಕಿ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದಳು.

"ಆತೇನವಾ ನಿನ್ನ ಕೆಲಸ?"

"ಆತ್ರಿ ಆಯಿ," ಎಂದು ಚಾದರವನ್ನು ಅವಳ ತೊಡೆಯ ಮೇಲೆ ಇಟ್ಟು, ಕಡೆಯ ಬಸ್ಸು ತಪ್ಪಬಾರದೆಂದು ದ್ವಾರಕಾ ಬೇಗ ಬೇಗ ನಡೆದಳು.