ದೋಣಿಯಿಲ್ಲದ ಮೋಟರಿಗೆ ಕರೆಂಟ್ ಬಂದದ್ದು

ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ. ಹೊನ್ನಾಳಿಯ ಸೇತುವೆ ಮೇಲೆ ಬಸ್ಸು ಹೋಗುವಾಗ ನನ್ನನ್ನು ಕಿಟಕಿ ಕಡೆ ಕೂರಿಸಿ, ತಾವು ಈಚೆ ಕೂತು ಕಣ್ಣು ಮುಚ್ಚಿಕೊಳ್ಳುವ ಗಟ್ಟಿಗರು. ಅಂಥವರು ಅಲ್ಲೇ ಹೊಳೆದಂಡೆಯಲ್ಲಿ ನಡೆದ ಹಳೇ ಸಾಮಾನಿನ ಹರಾಜಿಗೆ ಹೋಗಿ, ದೋಣಿಗೆ ಹಾಕುವ ಮೋಟರ್ ತಂದರು. ಬರೀ ಮೋಟರ್. ದೋಣಿ ಇಲ್ಲ.

"ದೋಣಿ ಎಲ್ರೀ?" ಅಂದೆ.

"ಮೊದ್ಲು ಇದು ಮನೆಗೆ ಬರ್ಲಿ, ಅದನ್ನ ಆಮೇಲೆ ನೋಡಾಣ," ಅಂದರು. ಹೆಣ್ಣು ನೋಡುವ ಮೊದಲೇ ತೊಟ್ಟಿಲು ಕೊಂಡವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ಉದ್ದನೆಯ ಕಬ್ಬಿಣದ ಕಾಲು, ಕಾಲ ತುದಿಗೆ ಒಂದು ಫ್ಯಾನು, ತಲೆ ಮೇಲೆ ದಪ್ಪ ಚಕ್ರ, ಚಕ್ರಕ್ಕೆ ಸುತ್ತಿ ಎಳೆಯಲು ಒಂದು ಹಗ್ಗ. ನನ್ನಪ್ಪನ ಕಾಲದ್ದಿರಬೇಕು. ಸಂತೇಬೆನ್ನೂರಿನ ನಮ್ಮ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಡ್ರಮ್ಮಿಗೆ ನೀರು ತುಂಬಿ, ಅದರಲ್ಲಿ ಇಳಿಬಿಟ್ಟು ಹಗ್ಗ ಎಳೆದರೆ ಬುರ್ ಅನ್ನುತ್ತಿತ್ತು. ಬಂದವರಿಗೆಲ್ಲ ಅದೇ ಪ್ರದರ್ಶನ. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಬಂದಿದ್ದ ನಾದಿನಿ ನೋಡಿ, "ನಮ್ಮೂರ ಕಡೆ ಮಾತ್ರ ಇದನ್ನ ತರಬ್ಯಾಡ್ರಪ್ಪ, ಎಮ್ಮೆ ಮುಳುಗಾಕೂ ನೀರಿಲ್ಲ," ಎಂದು ನಕ್ಕಳು. ದಸರಾ ಮುಗಿದದ್ದೇ ತಡ, ಮೋಟರ್ ಸತ್ತು ಹೋಯಿತು. ಎಷ್ಟು ಎಳೆದರೂ ಉಸಿರಿಲ್ಲ.

ನನಗೇನೂ ಮೋಟರಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನ್ಯಾಮತಿಯಲ್ಲಿರುವ ಅಣ್ಣನದು. ಬೈಕು, ಮೊಪೆಡ್ಡು, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವನು. ಕೈಗಿಂತ ಬಾಯಿ ಒಂದು ಹಿಡಿ ಜಾಸ್ತಿ. ಇಂಜಿನ್ನಿಗೆ ಕರೆಂಟ್ ಬರುತ್ತಿದೆಯೋ ಇಲ್ಲವೋ ನೋಡಲು ಬೇರೆ ಮೆಕ್ಯಾನಿಕ್ಕುಗಳು ಪ್ಲಗ್ಗಿನ ವೈರನ್ನು ಕಬ್ಬಿಣದ ಹತ್ತಿರ ಹಿಡಿದು ಕಿಡಿ ನೋಡುತ್ತಾರೆ. ಇವನು ಎಡಗೈಯಲ್ಲೇ ವೈರಿನ ತುದಿ ಹಿಡಿಯುತ್ತಿದ್ದ. ಹೊಡೆತ ತಿಂದು, ಊಟದ ರುಚಿ ನೋಡಿದವರ ಹಾಗೆ ತಲೆ ಆಡಿಸಿ, "ಕಾಯಿಲ್ ವೀಕ್ ಐತೆ" ಅಂತಲೋ "ಬೆಂಕಿ ಐತೆ, ಬೆಂಕಿ" ಅಂತಲೋ ತೀರ್ಪು ಕೊಡುತ್ತಿದ್ದ.

ಹೋದ ವರ್ಷ ಅದೇ ಎಡಗೈಗೆ ಲಕ್ವಾ ಹೊಡೆಯಿತು. ಆಸ್ಪತ್ರೆ, ಎಣ್ಣೆ, ಕಸರತ್ತು ಎಲ್ಲಾ ಆಗಿ ಬೆರಳು ಮಡಚುವ ಮಟ್ಟಿಗೆ ಬಂತು. ಆದರೆ ಏನು ಮುಟ್ಟಿದರೂ ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಬಿಸಿ ಚಹಾದ ಲೋಟ ಹಿಡಿಸಿದರೂ ಸುಮ್ಮನೆ ಹಿಡಿದುಕೊಂಡಿರುತ್ತಿದ್ದ. ಅಣ್ಣ ಪಾನಾ, ಇಕ್ಕಳಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿಸಿ, ಅಂಗಡಿ ಮುಚ್ಚಿ ಜಗಲಿ ಮೇಲೆ ಕೂತುಬಿಟ್ಟ. ಬಂದವರೆಲ್ಲ "ಪಾಪ, ಎಂಥಾ ಕೈ ಇತ್ತು" ಎಂದು ಬಾಳೆಹಣ್ಣು ಇಟ್ಟು ಹೋಗುವರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಕೈ ಇಟ್ಟುಕೊಂಡು ಕೂತವನ ಎದುರಿಗೇ "ಇತ್ತು" ಅನ್ನುತ್ತಾರಲ್ಲ! ಅವನು ಆ ಚೀಲ ಒಂದು ಸಲ ಬಿಚ್ಚಲಿ, ಅಷ್ಟು ಸಾಕು ಅನ್ನಿಸಿತ್ತು.

ಅದಕ್ಕೇ ಮೋಟರನ್ನೂ ಯಜಮಾನರನ್ನೂ ಒಂದೇ ಲಗೇಜ್ ಆಟೋದಲ್ಲಿ ಹೇರಿಕೊಂಡು ನ್ಯಾಮತಿಗೆ ಹೋದೆ.

"ಗುಜರಿಗೆ ಹಾಕ್ರಿ. ನನ್ ಕೈಲಿ ಆಗಲ್ಲ," ಅಂದ ಅಣ್ಣ, ಮುಖ ಎತ್ತದೆ.

"ನಿನ್ನ ಯಾರು ಕೇಳಿದ್ರು? ನಮ್ಮವರೇ ಮಾಡ್ತಾರೆ. ನೀನು ಬಾಳೆಹಣ್ಣು ತಿನ್ನು," ಅಂದೆ.

ಯಜಮಾನರು ಅದನ್ನು ನಿಜವೆಂದೇ ನಂಬಿದರು. ಮೋಟರನ್ನು ಅಂಗಳದ ಬೆಂಚಿಗೆ ಬಿಗಿದು, ಪಂಚೆ ಎತ್ತಿ ಕಟ್ಟಿ, ಹಗ್ಗ ಸುತ್ತಿ ಎಳೆದರು. ಮತ್ತೆ ಸುತ್ತಿ ಮತ್ತೆ ಎಳೆದರು. ಬೆಂಚು ಅಲ್ಲಾಡಿತು, ಅಂಗಳದ ಕೋಳಿ ಓಡಿತು, ಮೋಟರ್ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಜಗಲಿ ಮೇಲೆ ಅಣ್ಣನ ಹುಬ್ಬು ಗಂಟಾಗುತ್ತಾ ಹೋಯಿತು. ಕೊನೆಗೆ ತಡೆಯಲಾಗಲಿಲ್ಲ ಅವನಿಗೆ.

"ಯಪ್ಪಾ ಭಾವ, ಅದು ಬಾವಿ ಹಗ್ಗ ಅಲ್ರೀ! ಬಿಡ್ರಿ ಅತ್ಲಾಗೆ!" ಎಂದು ಎದ್ದೇ ಬಂದ.

ಬಂದವನು ಹಳೇ ಚಾಳಿಯಂತೆ ಪ್ಲಗ್ಗಿನಿಂದ ವೈರು ಕಿತ್ತು ಎಡಗೈಗೆ ಕೊಟ್ಟುಕೊಂಡ. "ಎಳಿಯೇ," ಅಂದ ನನಗೆ. ನಾನು ಎಳೆದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದೆ. ಅಣ್ಣ ತನ್ನ ಕೈಯನ್ನೇ ನೋಡುತ್ತಾ ನಿಂತ.

"ಕರೆಂಟ್ ಬರ್ತೈತೋ ಏನೋ. ನನಗೆ ಹೆಂಗೆ ಗೊತ್ತಾಗ್ಬೇಕು," ಅಂದ.

ನಾನೇ ತಪ್ಪು ಮಾಡಿದೆನೇನೋ ಅನ್ನಿಸಿತು. ಹೆದರಿಕೆಗೋ ಸಿಟ್ಟಿಗೋ, ಅವನ ಕೈಯಿಂದ ವೈರು ಕಸಿದುಕೊಂಡು ನಾನೇ ಹಿಡಿದೆ. "ಎಳೀರೀ!" ಎಂದು ಯಜಮಾನರ ಮೇಲೆ ರೇಗಿದೆ. ಅವರು ಎಳೆದರು. ನನಗೂ ಏನೂ ಆಗಲಿಲ್ಲ.

"ನನಗೂ ಹೊಡೀಲಿಲ್ಲ ಕಣೋ ಅಣ್ಣ! ಸತ್ತಿರೋದು ಮೋಟರು!" ಎಂದು ಕೂಗಿದೆ. ಮೋಟರ್ ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಅಣ್ಣ ಒಳಗೆ ಹೋಗಿ ಗೋಣಿಚೀಲ ಎಳೆದುಕೊಂಡು ಬಂದ. ಹೊಲಿಗೆಯನ್ನು ಹಲ್ಲಿನಲ್ಲೇ ಹರಿದ. ನಾನು ಮುಖ ಆ ಕಡೆ ಮಾಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಚಕ್ರದಲ್ಲಿ ಒಂದು ಸಣ್ಣ ಕಿಂಡಿ. ಅದರೊಳಗೆ ಎರಡು ಪುಟ್ಟ ಲೋಹದ ಬೊಟ್ಟುಗಳು. ಚಕ್ರ ತಿರುಗುವಾಗ ಅವು ಮುಟ್ಟಿ ಮುಟ್ಟಿ ಬಿಡಬೇಕು, ಆಗಲೇ ಕರೆಂಟ್ ಹುಟ್ಟುವುದು. ಅವಕ್ಕೆ ಪಾಯಿಂಟ್ ಅನ್ನುತ್ತಾರಂತೆ. ಅಣ್ಣ ಕನ್ನಡಕ ಏರಿಸಿ, ಬ್ಯಾಟರಿ ಬಿಟ್ಟು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಭಾವ, ಇದರೊಳಗೆ ವಿಭೂತಿ ಐತಲ್ರೀ?"

ಯಜಮಾನರು ಗಂಟಲು ಸರಿಮಾಡಿಕೊಂಡರು. "ಆಯುಧಪೂಜೆ ದಿನ ಹಚ್ಚಿದ್ದೆ. ಮೇಲೆ ಹಚ್ಚಿದ್ರೆ ಒರೆಸಿ ಹೋಗ್ತೈತೆ ಅಂತ, ಒಳಗೆ ಬೆರಳು ಹಾಕಿ..."

"ಕುಂಕುಮನೂ ಐತೆ!"

"ಅದಿಲ್ದೆ ಪೂಜೆ ಹೆಂಗಾಗ್ತೈತೆ?"

ತಕ್ಕಡಿ, ಸುಲಿಯುವ ಮೆಷಿನ್ನು, ನನ್ನ ಮಿಕ್ಸಿ, ಎಲ್ಲದಕ್ಕೂ ಪೂಜೆ ಮಾಡುವವರು ಇವರು. ಆದರೆ ಭಕ್ತಿಯಿಂದ ಹೊಟ್ಟೆಯೊಳಗೇ ವಿಭೂತಿ ಕಲಸಿ ಬಳಿದದ್ದು ಇದಕ್ಕೆ ಮಾತ್ರ. ಅದು ಪಾಯಿಂಟಿನ ನಡುವೆ ಸುಣ್ಣದ ಹಾಗೆ ಒಣಗಿ ಕೂತಿತ್ತು. ಅಣ್ಣ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ಹಾಗೆ ಹೊಟ್ಟೆ ಹಿಡಿದು ನಕ್ಕದ್ದು ನಾನು ನೋಡಿರಲಿಲ್ಲ. "ಶಿವನೇ ಕರೆಂಟ್ ತಡೆದು ಕೂತ್ರೆ ನಾನೇನ್ ಮಾಡ್ಲಿ!" ಅಂದ.

ನಾನು ಚಕ್ರ ಅಲ್ಲಾಡದಂತೆ ಹಿಡಿದುಕೊಂಡೆ. ಅವನು ಬಲಗೈಯಲ್ಲಿ ಪೆಟ್ರೋಲಿನ ಬಟ್ಟೆ ತೂರಿಸಿ ತೊಳೆದ, ಪಾಲಿಶ್ ಕಾಗದ ಮಡಚಿ ಉಜ್ಜಿದ. ಮಧ್ಯೆ ಮಧ್ಯೆ "ಗಟ್ಟಿ ಹಿಡಿಯೇ, ರೊಟ್ಟಿ ತಟ್ಟಾಕೆ ಬರೋ ಕೈಗೆ ಇಷ್ಟು ಬರಲ್ವೇನೇ" ಎಂದು ಬೈದ. ಆ ಬೈಗುಳ ಕೇಳಿ ಎಷ್ಟು ಹಿತವಾಯಿತೆಂದು ಹೇಳಲಾರೆ.

ಕೆಲಸ ಮುಗಿದು ವೈರು ಹಿಡಿಯುವಾಗ, "ಬಲಗೈಲಿ ಹಿಡ್ಕೋ ಅಣ್ಣ," ಅಂದೆ.

"ಸುಮ್ನಿರೇ," ಎಂದು ಎಡಗೈಯಲ್ಲೇ ಹಿಡಿದ.

ಮೋಟರಿಗೆ ಕರೆಂಟ್ ಬಂದು ಅವನಿಗೆ ಗೊತ್ತಾಗದೇ ಹೋದರೆ? ಕಣ್ಣು ಮುಚ್ಚಿ ಹಗ್ಗ ಎಳೆದೆ.

"ಅಯ್ಯಯ್ಯಪ್ಪಾ!"

ವೈರು ಆ ಕಡೆ ಹಾರಿತು, ಅಣ್ಣ ಈ ಕಡೆ ಹಾರಿದ. ಅಡುಗೆಮನೆಯಿಂದ ಅತ್ತಿಗೆ ಲಟ್ಟಣಿಗೆ ಹಿಡಿದೇ ಓಡಿ ಬಂದರು. "ಏನ್ ಮಾಡಿದ್ರಿ ಅವರಿಗೆ?"

"ಹೊಡೀತು ಕಣೇ," ಅಂದ ಅಣ್ಣ. ಎಡಗೈ ಬೆರಳುಗಳನ್ನು ಮುಖದ ಹತ್ತಿರ ತಂದುಕೊಂಡು ನೋಡುತ್ತಿದ್ದ. "ಈ ಕೈಗೇ ಹೊಡೀತು. ಇಲ್ಲಿ, ಇಲ್ಲಿ."

ಯಜಮಾನರು ಸಂತೋಷದಿಂದ, "ಹಂಗಾದ್ರೆ ಮೋಟರ್ ರೆಡಿ ಆತಾ?" ಎಂದು ಕೇಳಿದರು. ಅತ್ತಿಗೆ ಲಟ್ಟಣಿಗೆ ಕೆಳಗಿಟ್ಟು, ಗಂಡನ ಆ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಲ್ಲಿ? ಎಲ್ಲಿ ಹೊಡೀತು?" ಎಂದು ಕೇಳುತ್ತಲೇ ಇದ್ದರು.

ಅಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡು, ಬಗ್ಗಿ ವೈರು ಎತ್ತಿಕೊಂಡ. ಮತ್ತೆ ಎಡಗೈಗೇ ಕೊಟ್ಟುಕೊಂಡು ನನ್ನ ಕಡೆ ನೋಡಿದ.

"ಇನ್ನೊಂದು ಸಲ ಎಳಿಯೇ, ತಂಗಿ."